ಬ್ರೀಫಿಂಗ್ ಇಲ್ಲದೆ ಫಾರ್ಮೇಶನ್ ಕಲಿಸ್ತೀವಿ ಅನ್ನುವವರ ಜೊತೆ ಹಾರಬೇಡಿ

ಖಾಸಗಿ ಪೈಲಟ್ ಲೈಸೆನ್ಸ್ ಇದ್ದು, ಫಾರ್ಮೇಶನ್ ಹಾರಾಟ, ಅಂದರೆ ವಿಮಾನಗಳು ಹತ್ತಿರ ಹತ್ತಿರ ಜೋಡಿಯಾಗಿ ಹಾರುವುದನ್ನು, ಕಲಿಯುವ ಆಸೆ ಇರುವವರು ದಯವಿಟ್ಟು ಓದಿ. ಕಲಿಸುವವರು ಎಷ್ಟು ಸಾವಿರ ಗಂಟೆ ಹಾರಿದ್ದಾರೆ ಅಂತ ಕೇಳಿ ಸುಮ್ಮನಾಗಬೇಡಿ. ಹಾರುವ ಮುಂಚೆ ನೆಲದ ಮೇಲೆ ಎಷ್ಟು ಹೊತ್ತು ಹೇಳಿಕೊಡುತ್ತಾರೆ ಅಂತ ಕೇಳಿ.

ನನಗೆ ಸಿಕ್ಕವರು ಹಳೇ ಪೈಲಟ್. ಮಾತು ಜೋರು. ಹಣ ಮೊದಲೇ ತೆಗೆದುಕೊಂಡರು. ಬ್ರೀಫಿಂಗ್ ಯಾವಾಗ ಅಂದಿದ್ದಕ್ಕೆ, "ಅದೆಲ್ಲ ಏರ್‌ಫೋರ್ಸ್‌ನವರಿಗೆ ಕಣ್ರೀ. ನನ್ನ ಬಲಗಡೆ ಅಂಟಿಕೊಂಡು ಬನ್ನಿ, ಸಾಕು" ಅಂದರು. ನನ್ನ ಪಕ್ಕ ಅನುಭವ ಇರುವ ಇನ್‌ಸ್ಟ್ರಕ್ಟರ್ ಕೂರುತ್ತಾರೆ ಅಂತ ಮಾತಾಗಿತ್ತು. ಕೂತವರು ಅವರ ಶಿಷ್ಯ. ಅವರೂ ಯಾವತ್ತೂ ಫಾರ್ಮೇಶನ್ ಹಾರಿದವರಲ್ಲ ಅಂತ ಇಳಿದ ಮೇಲೆ ತಿಳಿಯಿತು.

ನನ್ನದು ಸೆಸ್ನಾ 172. ರೆಕ್ಕೆ ತಲೆಯ ಮೇಲಿರುತ್ತದೆ. ಅವರದ್ದು ರೆಕ್ಕೆ ಕೆಳಗಿರುವ ವಿಮಾನ. ಇಂಥ ಜೋಡಿಯಲ್ಲಿ ಯಾರಿಗೆ ಯಾವಾಗ ಯಾರು ಕಾಣುವುದಿಲ್ಲ ಅಂತ ಮೊದಲೇ ಮಾತಾಡಿಕೊಳ್ಳಬೇಕು. ಆ ಮಾತೇ ಬರಲಿಲ್ಲ.

ಸ್ವಲ್ಪ ಹೊತ್ತು ನೇರ ಹಾರಿದೆವು. ಚೆನ್ನಾಗಿಯೇ ಇತ್ತು. ಆಮೇಲೆ ಅವರು ಸಿಗ್ನಲ್ ಇಲ್ಲದೆ, ರೇಡಿಯೋದಲ್ಲೂ ಹೇಳದೆ, ಎಡಕ್ಕೆ ಜೋರಾಗಿ ತಿರುಗಿದರು. ನಾನು ಹಿಂದೆ ಉಳಿದೆ. ಥ್ರಾಟಲ್ ಕೊಟ್ಟು ಎಡಕ್ಕೆ ವಾಲಿದೆ. ವಾಲಿದ ಕೂಡಲೇ ನನ್ನ ಎಡರೆಕ್ಕೆ ಕೆಳಗೆ ಬಂದು ಅವರ ವಿಮಾನವನ್ನು ಪೂರ್ತಿ ಮುಚ್ಚಿತು. "ನೀವು ಕಾಣ್ತಿಲ್ಲ" ಅಂತ ರೇಡಿಯೋದಲ್ಲಿ ಹೇಳಿದೆ. ಬಂದ ಉತ್ತರ: "ಇಲ್ಲೇ ಇದ್ದೀನಲ್ಲ, ಬನ್ನಿ!" ಅಷ್ಟರಲ್ಲಿ ಅವರು ಪವರ್ ಕಡಿಮೆ ಮಾಡಿ ವಾಪಸ್ ಬಲಕ್ಕೆ ತಿರುಗಿದ್ದರು. ಅದನ್ನೂ ಹೇಳಲಿಲ್ಲ. ಮುಂದೆ ನಾನು ನೋಡಿದ್ದು, ನನ್ನ ಗಾಜಿನ ತುಂಬ ಅವರ ವಿಮಾನದ ಹೊಟ್ಟೆ. ಎಂಜಿನ್ನಿಂದ ಬಾಲದವರೆಗೆ ಹರಿದ ಕಪ್ಪು ಎಣ್ಣೆ ಕಲೆ, ಸಾಲಾಗಿ ರಿವೆಟ್‌ಗಳು, ಒಂದೊಂದೂ ಕಾಣುತ್ತಿತ್ತು. ಪವರ್ ತೆಗೆದು ಮೂಗು ಕೆಳಗೆ ಒತ್ತಿದೆ. ತಲೆಯ ಮೇಲೆ ದಾಟಿ ಹೋದರು.

ತಿರುಗಿದ್ದು ಯಾಕೆ ಗೊತ್ತಾ? ಅವರ ವಿಮಾನದಲ್ಲಿ ಸ್ನೇಹಿತರೊಬ್ಬರು ಕ್ಯಾಮೆರಾ ಹಿಡಿದು ಕೂತಿದ್ದರು. ಬೆಳಕು ಸರಿ ಇರಲಿಲ್ಲವಂತೆ. "ಏನೂ ಆಗಲಿಲ್ಲವಲ್ಲ, ಧೈರ್ಯ ಬೇಕು" ಅಂದರು ಆ ಹಳೇ ಪೈಲಟ್. ಧೈರ್ಯ!

ಅಮೆರಿಕದ ವಿಮಾನ ಹಾರಾಟದ ನಿಯಮ 91.111 ಕೂಡ ಫಾರ್ಮೇಶನ್‌ಗೆ ಪ್ರತಿ ವಿಮಾನದ ಪೈಲಟ್ ಜೊತೆ ಮೊದಲೇ ಮಾತಾಗಿರಬೇಕು ಅನ್ನುತ್ತದೆ. ಆದರೆ ಅಲ್ಲೂ ಇದಕ್ಕೆ ಅಂತ ಲೈಸೆನ್ಸ್ ಮೇಲೆ ಬೇರೆ ಸರ್ಕಾರಿ ರೇಟಿಂಗ್ (ಅರ್ಹತೆ) ಇಲ್ಲ. ಹಾಗಾಗಿ ಯಾರು ಬೇಕಾದರೂ ಗುರು ಅಂತ ಹೇಳಿಕೊಳ್ಳಬಹುದು. ವಿಂಗ್‌ಮ್ಯಾನ್, ಅಂದರೆ ಜೊತೆಗೆ ಹಾರುವವರ, ಕಣ್ಣು ಸದಾ ಲೀಡ್, ಅಂದರೆ ಮುಂದೆ ಹಾರಿ ದಾರಿ ತೋರಿಸುವವರ, ಮೇಲೇ ಇರಬೇಕು, ದಾರಿ, ಎತ್ತರ, ಬೇರೆ ವಿಮಾನ ಎಲ್ಲ ಲೀಡ್ ಪಾಲು. 1982ರ ಜನವರಿ 18ರಂದು ಅಮೆರಿಕದ ನೆವಾಡಾದಲ್ಲಿ ವಾಯುಪಡೆಯ ಪ್ರದರ್ಶನ ತಂಡ ಥಂಡರ್‌ಬರ್ಡ್ಸ್‌ನ ನಾಲ್ಕು ಟಿ-38 ವಿಮಾನಗಳು ಲೂಪ್ (ಮೇಲಕ್ಕೆ ಹೋಗಿ ಪೂರ್ತಿ ಸುತ್ತು ಹೊಡೆಯುವುದು) ಅಭ್ಯಾಸದಲ್ಲಿ ಒಟ್ಟಿಗೆ ನೆಲಕ್ಕೆ ಬಡಿದು ನಾಲ್ವರೂ ಸತ್ತರು. ಲೀಡ್ ಬಿಟ್ಟು ಉಳಿದ ಮೂವರೂ ಲೀಡ್‌ನನ್ನೇ ನೋಡುತ್ತ ಬಂದಿದ್ದರು. ಅಷ್ಟು ನುರಿತವರ ಕಥೆಯೇ ಹೀಗಿರುವಾಗ, ಫೋಟೋಗೆ ತಿರುಗುವ ಲೀಡ್ ಹಿಂದೆ ಹೋಗುವುದು ಏನು ಅಂತ ಯೋಚಿಸಿ.

ಆಮೇಲೆ ಬೇರೊಬ್ಬರ ಹತ್ತಿರ ಕಲಿತೆ. ಅವರು ಮೊದಲು ವಿಮಾನ ನಿಲ್ಲಿಸುವ ಜಾಗದಲ್ಲಿ, ಏಪ್ರನ್ ಮೇಲೆ, ನಡೆಸಿದರು. ಅವರು ಮುಂದೆ, ನಾನು ಓರೆಯಾಗಿ ಹಿಂದೆ, ಕೈಸನ್ನೆ ನೋಡಿಕೊಂಡು ತಿರುಗುವುದು. ನೋಡುವವರಿಗೆ ನಗು ಬರುತ್ತದೆ, ಬರಲಿ. ಲೀಡ್ ವಿಮಾನದ ಯಾವ ಎರಡು ಗುರುತು ಒಂದೇ ಗೆರೆಗೆ ಬಂದರೆ ನಾನು ಸರಿ ಜಾಗದಲ್ಲಿದ್ದೇನೆ ಅಂತ ನಿಂತ ವಿಮಾನದಲ್ಲೇ ತೋರಿಸಿದರು. ಸೇರಿಕೊಳ್ಳುವಾಗ ವೇಗ ಜಾಸ್ತಿಯಾದರೆ ಲೀಡ್‌ನನ್ನು ಕಣ್ಣಲ್ಲಿ ಇಟ್ಟುಕೊಂಡೇ ಕೆಳಗೆ, ಹಿಂದೆ ಜಾರಿ ಹೊರಗಡೆ ಹೋಗಬೇಕು. ಹೊಟ್ಟೆ ತೋರಿಸಿ ತಿರುಗಬಾರದು. ಲೀಡ್ ಯಾವತ್ತೂ ಫುಲ್ ಥ್ರಾಟಲ್ ಹಾಕಬಾರದು, ಹಿಂದಿನವರಿಗೆ ಹಿಡಿಯಲು ಪವರ್ ಉಳಿದಿರಬೇಕು. ಕಾಣದಿದ್ದರೆ "ಬ್ಲೈಂಡ್" ಅನ್ನಬೇಕು, ತಕ್ಷಣ ಇಬ್ಬರೂ ಮೊದಲೇ ಗೊತ್ತು ಮಾಡಿದ ಬೇರೆ ಬೇರೆ ಎತ್ತರಕ್ಕೆ ಹೋಗಬೇಕು. "ನಾಕ್ ಇಟ್ ಆಫ್" ಅಂತ ಯಾರು ಅಂದರೂ ಎಲ್ಲ ನಿಲ್ಲಬೇಕು, ಹೊಸಬರು ಅಂದರೂ ಸರಿ.

ಹಳಬರ ಹತ್ತಿರ ಉಳಿದ ಪಾಠಗಳ ದುಡ್ಡು ವಾಪಸ್ ಕೇಳಿದ್ದೇನೆ, ಇನ್ನೂ ಬಂದಿಲ್ಲ. ಅವರು ಈಗಲೂ ಹೊಸಬರನ್ನು ಸೇರಿಸಿಕೊಳ್ಳುತ್ತಿದ್ದಾರೆ, ಅದಕ್ಕೇ ಇದನ್ನು ಬರೆದೆ.