ಮಂಚ ಮಾಡುವವರ ಕೈಯಲ್ಲಿ ಹಳೆಯ ಹಾಯಿದೋಣಿ: ಒಂದು ದುರಸ್ತಿ ಸೇವೆಯ ವಿಮರ್ಶೆ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಊಟದ ಮೇಜು, ಮಂಚ, ವಾರ್ಡ್‌ರೋಬ್‌ಗಳನ್ನು ಮಾಡಿಕೊಡುವ ಮರಗೆಲಸದ ಕಾರ್ಖಾನೆಯೊಂದರಲ್ಲಿ ನನ್ನ ಹಳೆಯ ಹಾಯಿದೋಣಿಯನ್ನು ಐದು ತಿಂಗಳು ಇರಿಸಿ ದುರಸ್ತಿ ಮಾಡಿಸಿದೆ. ಅಲ್ಲಿಯ ಕೆಲಸಗಾರರ ಕೈಗೆ ಪೂರ್ಣ ಅಂಕ ಕೊಡುತ್ತೇನೆ; ಯಾವ ಜಾಗಕ್ಕೆ ಯಾವ ಸಾಮಗ್ರಿ ಎಂಬ ಯಜಮಾನರ ತೀರ್ಮಾನಕ್ಕೆ ಅರ್ಧ ಅಂಕವನ್ನೂ ಕೊಡಲಾರೆ. ಕಾರ್ಖಾನೆಯ ಹೆಸರನ್ನು ಬರೆಯುತ್ತಿಲ್ಲ, ಏಕೆಂದರೆ ದೋಣಿಯನ್ನೇ ಕಂಡಿರದ ಬೇರಾವ ಮರಗೆಲಸದವರ ಬಳಿಗೆ ಹೋಗಿದ್ದರೂ ಬಹುಶಃ ಇದೇ ತಪ್ಪು ಆಗುತ್ತಿತ್ತು.

ದೋಣಿ ಎಂಟರ್‌ಪ್ರೈಸ್ ಮಾದರಿಯದು. ಇಂಗ್ಲೆಂಡಿನ ಜಾಕ್ ಹೋಲ್ಟ್ 1956ರಲ್ಲಿ ರೂಪಿಸಿದ, 4.04 ಮೀಟರ್ ಉದ್ದದ, ಇಬ್ಬರು ನಡೆಸುವ ಈ ದೋಣಿಯನ್ನು ಅದರ ನೀಲಿ ಹಾಯಿಯಿಂದಲೇ ದೂರದಿಂದ ಗುರುತಿಸಬಹುದು. ಮನೆಯಲ್ಲಿಯೇ ಪ್ಲೈವುಡ್ಡಿನಿಂದ ಕಟ್ಟಿಕೊಳ್ಳಲು ಸಾಧ್ಯವಾಗುವಂತೆ ರೂಪಿಸಿದ್ದರಿಂದ ಇದರ ತಳ ದುಂಡಗಿಲ್ಲ; ಒಂದೊಂದು ಪಕ್ಕದಲ್ಲಿಯೂ ಎರಡೆರಡು ಕಡೆ ಮಡಿಸಿದಂತೆ ಹಲಗೆಗಳು ಕೂಡುತ್ತವೆ. ಹಲಸೂರು ಕೆರೆಯಲ್ಲಿ ಸೇನೆಯವರ ಹಾಯಿದೋಣಿಗಳನ್ನು ದಂಡೆಯ ಮೇಲೆ ನಿಂತು ನೋಡಿಯೇ ಇಪ್ಪತ್ತು ವರ್ಷ ಕಳೆದಿದ್ದ ನನಗೆ, ಕುಕ್ ಟೌನಿನ ಹಳೆಯ ಮನೆಯೊಂದರ ಕಾರಿನ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಕುಳಿತಿದ್ದ ಈ ದೋಣಿ 38,000 ರೂಪಾಯಿಗೆ ಸಿಕ್ಕಿತು.

ಕೊಳ್ಳುವ ಮೊದಲು ಮಾಡಿದ ಪರೀಕ್ಷೆ ಸರಳವಾದದ್ದು. ಸ್ಕ್ರೂಡ್ರೈವರಿನ ಹಿಡಿಯಿಂದ ತಳದುದ್ದಕ್ಕೂ ಗೇಣಿಗೊಂದು ಸಲ ತಟ್ಟುತ್ತಾ ಹೋದರೆ ಗಟ್ಟಿ ಮರ ಟಣ್ ಎನ್ನುತ್ತದೆ, ಕೊಳೆತ ಮರ ನೆನೆದ ರಟ್ಟಿನಂತೆ ಬದ್ದೆನ್ನುತ್ತದೆ. ಬದ್ದೆಂದ ಜಾಗಗಳಿಗೆ ಸೀಮೆಸುಣ್ಣದಿಂದ ಗುರುತು ಹಾಕಿದಾಗ ಎರಡು ದೊಡ್ಡ ತೇಪೆಗಳಷ್ಟು ಜಾಗ ಕಂಡಿತು, ಎರಡೂ ಹಿಂಭಾಗದಲ್ಲಿ. ಮರದ ದೋಣಿಯನ್ನು ತಿನ್ನುವುದು ಅದು ತೇಲುವ ನೀರಿಗಿಂತ ಹೆಚ್ಚಾಗಿ ಅದರೊಳಗೆ ನಿಂತ ಮಳೆನೀರು. ಮರದ ತೇವ ಶೇಕಡಾ 20ನ್ನು ದಾಟಿ ಹಾಗೆಯೇ ಉಳಿದರೆ ಶಿಲೀಂಧ್ರಕ್ಕೆ ಹಬ್ಬ. ಗಾಳಿಯಾಡದ ಟಾರ್ಪಾಲಿನ ಕೆಳಗೆ ಹಿಂದಕ್ಕೆ ವಾಲಿಸಿ ಇಟ್ಟ ದೋಣಿಯಲ್ಲಿ ಆಗಿದ್ದೂ ಅದೇ.

ಸಾಗಣೆಯ ಕಥೆಯನ್ನು ಬೆಳೆಸುವುದಿಲ್ಲ. ಮೊದಲು ಬಂದ ಪುಟ್ಟ ಗೂಡ್ಸ್ ಗಾಡಿಯ ಚಾಲಕರು ಅಳತೆಯನ್ನು ಕಣ್ಣಲ್ಲೇ ನೋಡಿ ವಾಪಸು ಹೋದರು, ಎರಡನೆಯದು ದೊಡ್ಡದಾಗಿತ್ತು.

ಕಾರ್ಖಾನೆಯ ಹಿರಿಯ ಮೇಸ್ತ್ರಿಗಳ ಕೆಲಸವನ್ನು ಮಾತ್ರ ವಿವರವಾಗಿ ಹೇಳಲೇಬೇಕು. ಕೊಳೆತ ಭಾಗವನ್ನು ಕತ್ತರಿಸಿ ತೆಗೆದ ಮೇಲೆ ಹೊಸ ತುಂಡನ್ನು ಅಂಚಿಗೆ ಅಂಚು ತಾಗಿಸಿ ಕೂರಿಸಿದರೆ ಸಾಲದು; ಎರಡೂ ಅಂಚುಗಳನ್ನು ದಪ್ಪದ ಎಂಟು ಪಟ್ಟು ಉದ್ದದ ಇಳಿಜಾರಾಗಿ ಹೆರೆದು ಒಂದರ ಮೇಲೊಂದು ಕೂರಿಸಿ ಅಂಟಿಸಬೇಕು. ಆರು ಮಿಲಿಮೀಟರ್ ಪ್ಲೈಗೆ ಇದು 48 ಮಿಲಿಮೀಟರ್ ಆಗುತ್ತದೆ. ಇದನ್ನು ಹೇಳಿದಾಗ ಅವರು, “ಅಷ್ಟುದ್ದ ಯಾಕೆ ಸಾರ್, ಹಿಂದೆ ಒಂದು ಪಟ್ಟಿ ಹೊಡೆದರೆ ಜನ್ಮದಲ್ಲಿ ಅಲ್ಲಾಡಲ್ಲ” ಎಂದರು. ಪಟ್ಟಿ ಹೊಡೆದ ಜಾಗದಲ್ಲಿ ತಳ ಬಾಗದೆ ಬಿಗಿಯಾಗಿ ನಿಂತು ಅದರ ಪಕ್ಕದಲ್ಲಿಯೇ ಮುರಿಯುತ್ತದೆ ಎಂದು ವಿವರಿಸಿದ ಮೇಲೆ ಅವರು ಮತ್ತೆ ವಾದಿಸಲಿಲ್ಲ. ತುಂಡುಗಳನ್ನು ಮೆಟ್ಟಿಲಿನಂತೆ ಒಂದರ ಹಿಂದೊಂದು ಜೋಡಿಸಿ ಕ್ಲ್ಯಾಂಪ್ ಹಾಕಿ, ಉಜ್ಜುಗೊರಡಿನಿಂದ ಒಟ್ಟಿಗೇ ಹೆರೆಯತೊಡಗಿದರು. ಪ್ಲೈಯ ಪದರಗಳು ಬಿಚ್ಚಿಕೊಳ್ಳುತ್ತಾ ಹೋದಂತೆ ಕಂದು ಮತ್ತು ತಿಳಿ ಬಣ್ಣದ ಗೆರೆಗಳು ಸೀರೆಯ ಅಂಚಿನ ಪಟ್ಟೆಗಳಂತೆ ಕಾಣಿಸಿಕೊಂಡವು. ಗೆರೆ ನೇರವಾಗಿದ್ದರೆ ಇಳಿಜಾರು ಸಮವಾಗಿದೆ, ಎಲ್ಲಾದರೂ ಹೊಟ್ಟೆ ಬಂದರೆ ಅಲ್ಲಿ ಉಬ್ಬು ಅಥವಾ ತಗ್ಗು ಇದೆ ಎಂದರ್ಥ. ಈ ಲೆಕ್ಕವನ್ನು ನಾನು ಹೇಳುವ ಮೊದಲೇ ಅವರು ಕಂಡುಕೊಂಡಿದ್ದರು. ಜೋಡಣೆ ಮುಗಿದಾಗ ಉಗುರಿನಿಂದ ಸವರಿದರೂ ಸೇರಿದ ಜಾಗ ಸಿಗುತ್ತಿರಲಿಲ್ಲ.

ಪ್ಲೈವುಡ್ ಖರೀದಿಯಲ್ಲಿ ಅಂಗಡಿಯವರ ಮಾತಿಗಿಂತ ಒಲೆಯನ್ನು ನಂಬುವುದು ಒಳ್ಳೆಯದು. ‘ಮರೀನ್’ ಎಂಬ ಮುದ್ರೆ ಎಲ್ಲ ಹಾಳೆಗಳ ಮೇಲೂ ಇರುತ್ತದೆ. ಬೇಕಾಗಿರುವುದು ಮರೀನ್ ಪ್ಲೈವುಡ್ಡಿನ ಭಾರತೀಯ ಮಾನಕವಾದ ಐಎಸ್ 710 ದರ್ಜೆಯದು, ಅದರ ಅಂಟು 72 ಗಂಟೆ ಕುದಿಯುವ ನೀರನ್ನು ತಾಳಬೇಕು. ಮೂರು ಅಂಗಡಿಗಳಿಂದ ಅಂಗೈಯಗಲದ ತುಂಡುಗಳನ್ನು ತಂದು ಮನೆಯಲ್ಲಿ ಹಳೆಯ ಪಾತ್ರೆಯೊಂದರಲ್ಲಿ ಹಗಲು ಹೊತ್ತು ಕುದಿಸಿದೆ. ಒಂದು ತುಂಡು ಮೊದಲ ಸಂಜೆಗೇ ಪುಸ್ತಕದಂತೆ ಬಿಚ್ಚಿಕೊಂಡಿತು. ಅಡುಗೆಮನೆಯಲ್ಲಿ ಎರಡು ದಿನ ಹರಡಿದ್ದ ವಾಸನೆಯ ಬಗ್ಗೆ ಮನೆಯವರು ಹೇಳಿದ್ದನ್ನು ಇಲ್ಲಿ ಬರೆಯುವುದು ಬೇಡ.

ಇನ್ನು ದೂರಿನ ವಿಷಯ. ಜೂನ್ ತಿಂಗಳಲ್ಲಿ ಹತ್ತು ದಿನ ಹುಬ್ಬಳ್ಳಿಗೆ ಹೋಗಿದ್ದೆ. ತಳಕ್ಕೆ ಗಾಜಿನ ಎಳೆಗಳ ಬಟ್ಟೆ ಹೊದಿಸಿ ಎಪಾಕ್ಸಿ, ಅಂದರೆ ಎರಡು ಭಾಗಗಳನ್ನು ಕಲಸಿ ಹಚ್ಚಿದರೆ ಗಟ್ಟಿಯಾಗುವ ಅಂಟು, ಹಚ್ಚಬೇಕೆಂದು ಬರೆದುಕೊಟ್ಟಿದ್ದೆ. ಮರಳಿ ಬಂದು ಶೆಡ್ಡಿನ ಬಾಗಿಲಲ್ಲಿ ನಿಂತಾಗಲೇ, ಗ್ಯಾರೇಜಿನಲ್ಲಿ ಕಾರಿನ ತಗ್ಗಿಗೆ ತುಂಬುವ ಪುಟ್ಟಿಯ ಘಾಟು ಮೂಗಿಗೆ ಬಡಿಯಿತು. ಅದು ಎಪಾಕ್ಸಿಯ ಬದಲು ಬಳಿದಿದ್ದ ಪಾಲಿಯೆಸ್ಟರ್ ರೆಸಿನ್ ಎಂಬ ಇನ್ನೊಂದು ಅಂಟಿನ ವಾಸನೆ. ಬೆಲೆ ಕಡಿಮೆ, ಬೇಗ ಗಟ್ಟಿಯಾಗುತ್ತದೆ, ಫೈಬರ್ ದೋಣಿಗಳನ್ನೆಲ್ಲ ಇದರಲ್ಲೇ ಮಾಡುತ್ತಾರೆ ಎಂಬುದು ಯಜಮಾನರ ಸಮಜಾಯಿಷಿ. ಅವರು ಹೇಳಿದ ಮೂರೂ ಮಾತು ನಿಜವೇ. ಆದರೆ ಅಚ್ಚಿನಲ್ಲಿ ಎರಕವಾಗುವ ಫೈಬರ್ ದೋಣಿಯಲ್ಲಿ ಈ ರೆಸಿನ್ ತನಗೆ ತಾನೇ ಅಂಟಿಕೊಂಡರೆ ಸಾಕು. ಮರದ ಮೇಲೆ ಅದರ ಹಿಡಿತ ಕಡಿಮೆ, ಗಟ್ಟಿಯಾಗುವಾಗ ಕುಗ್ಗುವುದೂ ಹೆಚ್ಚು. ಮರವಂತೂ ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಕುಗ್ಗುತ್ತಲೇ ಇರುವುದರಿಂದ ಕೆಲವು ಋತುಗಳಲ್ಲಿ ಹೊದಿಕೆ ಬಿಟ್ಟುಕೊಳ್ಳುತ್ತದೆ, ನಡುವೆ ನೀರು ಸೇರುತ್ತದೆ, ಹೊರಗೆ ಹೊಳೆಯುತ್ತಲೇ ಒಳಗೆ ಕೊಳೆಯುತ್ತದೆ. ವಾದದ ಬದಲು ಮೂಲೆಯೊಂದಕ್ಕೆ ಉಳಿ ಕೊಟ್ಟು ಎತ್ತಿ ತೋರಿಸಿದೆ. ಕಾದ ಕಾವಲಿಯಿಂದ ದೋಸೆ ಏಳುವಂತೆ ಎದ್ದು ಬಂತು, ಅದರ ಬೆನ್ನಿಗೆ ಮರದ ಒಂದು ಎಳೆಯೂ ಅಂಟಿರಲಿಲ್ಲ.

ಕೆತ್ತಿ ತೆಗೆಯುವ ಕೂಲಿಯಲ್ಲಿ ಅರ್ಧವನ್ನು ನನ್ನ ಲೆಕ್ಕಕ್ಕೆ ಹಾಕಿದ್ದನ್ನು ಇಂದಿಗೂ ಒಪ್ಪಲಾರೆ. ಮುಂದಿನ ಎಪಾಕ್ಸಿ ಕೆಲಸಕ್ಕೆ ನಾನೇ ಪ್ರತಿ ಶನಿವಾರ ಹೋಗಿ ಕಿರಿಯ ಕೆಲಸಗಾರನ ಜೊತೆ ನಿಂತೆ. ಪಾಲಿಯೆಸ್ಟರ್ ಬಳಸಿ ರೂಢಿಯಾದವರಿಗೆ ಇಲ್ಲಿ ಒಂದು ಅಭ್ಯಾಸ ಅಡ್ಡ ಬರುತ್ತದೆ: ಚಳಿಯಿದ್ದರೆ ಹಾರ್ಡ್‌ನರನ್ನು, ಅಂದರೆ ಗಟ್ಟಿಯಾಗಿಸುವ ಭಾಗವನ್ನು, ಒಂದಿಷ್ಟು ಜಾಸ್ತಿ ಹಾಕುವುದು. ಪಾಲಿಯೆಸ್ಟರಿನಲ್ಲಿ ಅದು ಒಂದು ಮಟ್ಟಿಗೆ ನಡೆಯುತ್ತದೆ. ಎಪಾಕ್ಸಿಯಲ್ಲಿ ಎರಡೂ ಭಾಗಗಳು ಹೇಳಿದ ಪ್ರಮಾಣದಲ್ಲಿಯೇ ಸೇರಬೇಕು, ಹೆಚ್ಚಾದ ಹಾರ್ಡ್‌ನರು ಒಳಗೇ ಉಳಿದು ಇಡೀ ಪದರವನ್ನು ಮೆತ್ತಗಾಗಿಸುತ್ತದೆ. ಹಾಗಾಗಿ ಮನೆಯಿಂದ ಅಡುಗೆಯ ತೂಕದ ಯಂತ್ರವನ್ನು ಒಯ್ದೆ. ಒಮ್ಮೆ ಕಲಸಿದ್ದನ್ನು ಅಗಲ ತಟ್ಟೆಗೆ ಸುರಿಯದೆ ಮಗ್ಗಿನಲ್ಲೇ ಬಿಟ್ಟು ಚಹಾಕ್ಕೆ ಹೋದೆವು. ಬಂದು ನೋಡಿದರೆ ಎಪಾಕ್ಸಿ ತನ್ನದೇ ಕಾವಿಗೆ ಬಿಸಿಯೇರಿ, ಮಗ್ಗು ಹೊಗೆಯಾಡುತ್ತಾ ತಳ ಸೊಟ್ಟಗಾಗಿತ್ತು. ಜುಲೈ ತಿಂಗಳ ತೇವದ ಗಾಳಿಯಲ್ಲಿ ಒಣಗಿದ ಪದರದ ಮೇಲೆ ಮೇಣದಂಥ ಜಿಡ್ಡು ಏಳುತ್ತಿತ್ತು. ಅದನ್ನು ಹಾಗೆಯೇ ಉಜ್ಜಿದರೆ ಮರಳುಕಾಗದ ಕಟ್ಟಿಕೊಳ್ಳುತ್ತದೆ, ಮುಂದಿನ ಪದರವೂ ಹಿಡಿಯುವುದಿಲ್ಲ; ಬರಿಯ ನೀರು ಮತ್ತು ಪಾತ್ರೆ ತಿಕ್ಕುವ ನಾರಿನಿಂದ ತೊಳೆದರೆ ಹೋಗುತ್ತದೆ.

ವಾರ್ನಿಷ್ ವಿಷಯದಲ್ಲಿ ಮನೆಯೊಳಗಿನ ಪೀಠೋಪಕರಣಗಳಿಗೆ ಹಚ್ಚುವ ಮೆಲಮೈನ್ ಪಾಲಿಶ್ ಬೇಡ, ಬಿಸಿಲು ತಾಳುವ ಹೊರಾಂಗಣದ ವಾರ್ನಿಷ್ಷೇ ಬೇಕು ಎಂದು ಹಟ ಹಿಡಿಯಬೇಕಾಯಿತು. ಒಪ್ಪಿದ ಮೇಲೆ ಅವರು ಹಚ್ಚಿದ ಆರು ಕೋಟುಗಳಲ್ಲಿ ಒಂದು ಕುಂಚದ ಗೆರೆಯೂ ಕಾಣುವುದಿಲ್ಲ. 45,000 ರೂಪಾಯಿ ಎಂದಿದ್ದ ಅಂದಾಜು 71,500ಕ್ಕೆ ಏರಿತು, ಆರು ವಾರ ಐದು ತಿಂಗಳಾಯಿತು. ದರ ದುಬಾರಿಯೇನಲ್ಲ, ಅಂದಾಜು ಕೊಟ್ಟ ರೀತಿ ಸರಿಯಿರಲಿಲ್ಲ.

ಖರ್ಚು ಏರುತ್ತಿದ್ದ ದಿನಗಳಲ್ಲಿಯೇ ಮೇಸ್ತ್ರಿಗಳು ಇನ್ನೊಂದು ಮಾತು ಹೇಳಿದ್ದರು. ದೋಣಿ ಅಡ್ಡಕ್ಕೆ ಜಾರದಂತೆ ನಡುವಿನಿಂದ ನೀರಿಗೆ ಇಳಿಸುವ ಹಲಗೆಯೊಂದಿರುತ್ತದೆ. ಅದು ಕೂರುವ ಮರದ ಗೂಡನ್ನೂ ಬಿಚ್ಚಿ ನೋಡೋಣ ಎಂಬುದು ಅವರ ಸಲಹೆ. ತಟ್ಟಿದಾಗ ಟಣ್ ಎಂದಿತ್ತಲ್ಲ ಎಂದು ನಾನು ಬೇಡವೆಂದೆ.

ಅಕ್ಟೋಬರಿನಲ್ಲಿ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ದೋಣಿಯನ್ನು ಇಳಿಸಿದೆವು. ಎರಡು ಗಂಟೆಯ ಓಟದ ನಂತರ ತೇಪೆ ಹಾಕಿದ ಹಿಂಭಾಗ ಪೂರ್ತಿ ಒಣಗಿತ್ತು. ಆದರೆ ನಡುವಿನ ಗೂಡಿನ ಬುಡದಲ್ಲಿ, ಹಿಂದಿನ ಮೂಲೆಯಿಂದ ಸಣ್ಣ ಎಳೆಯಾಗಿ ಬಂದ ನೀರು ಸ್ಪಂಜಿನಿಂದ ಹಿಂಡಿದಾಗ ಮುಕ್ಕಾಲು ಮಗ್ಗು ಆಯಿತು. ದಂಡೆಯಿಂದಲೇ ಮೇಸ್ತ್ರಿಗಳಿಗೆ ಫೋನ್ ಮಾಡಿದೆ. “ಅದನ್ನ ಅವತ್ತೇ ಬಿಚ್ಚೋಣ ಅಂದಿದ್ದೆನಲ್ಲ ಸಾರ್” ಎಂದರು. ಜನವರಿಯಲ್ಲಿ ದೋಣಿ ಮತ್ತೆ ಅದೇ ಶೆಡ್ಡಿಗೆ ಹೋಗುತ್ತದೆ. ಈ ಸಲ ರೆಸಿನ್ ಡಬ್ಬಗಳನ್ನು ನಾನೇ ಕೊಂಡು ಒಯ್ಯುತ್ತೇನೆ, ಎಲ್ಲೆಲ್ಲಿ ಬಿಚ್ಚಬೇಕು ಎಂಬುದನ್ನು ಅವರಿಗೇ ಬಿಡುತ್ತೇನೆ.