ನೌಕರರ ಕಾನೂನು ವೆಚ್ಚದ ವಿಮೆ: ಹಲವು ವರ್ಷ ಕಟ್ಟಿದ ಮೇಲೆ ಅನಿಸಿದ್ದು

ಕೆಲಸದ ಜಾಗದಲ್ಲಿ ತಕರಾರು ಬಂದರೆ ವಕೀಲರ ಫೀಸು, ಕೋರ್ಟ್ ಶುಲ್ಕ, ಕೆಲವು ಪಾಲಿಸಿಗಳಲ್ಲಿ ಸೋತಾಗ ಎದುರು ಪಕ್ಷದ ಖರ್ಚು. ಈ ವಿಮೆ ಕೊಡುವುದು ಇಷ್ಟೇ. ಬಾಕಿ ಸಂಬಳವನ್ನಾಗಲಿ, ದಂಡವನ್ನಾಗಲಿ ಇದು ಕಟ್ಟುವುದಿಲ್ಲ. ಮೊದಲೇ ಯಾಕೆ ಹೇಳಿದೆ ಅಂದರೆ, ‘ಕೆಲಸ ಹೋದರೆ ದುಡ್ಡು ಬರುತ್ತಾ?’ ಅಂತ ಕೇಳುವವರೇ ಜಾಸ್ತಿ. ಬರುವುದಿಲ್ಲ, ಅದು ಬೇರೆ ವಿಮೆ.

ಇಷ್ಟು ವರ್ಷಗಳಲ್ಲಿ ನಾನು ಕೋರ್ಟಿನ ಮೆಟ್ಟಿಲು ಹತ್ತಿಲ್ಲ. ಆದರೂ ಕಟ್ಟಿದ ಪ್ರೀಮಿಯಂ ದಂಡ ಅನಿಸಿಲ್ಲ. ಕಾರಣ, ಪಾಲಿಸಿಯ ಜೊತೆಗೆ ಬರುವ ಫೋನ್ ಸಲಹೆ. ಎಚ್‌ಆರ್‌ನವರು ಒಂದು ಎಚ್ಚರಿಕೆ ಪತ್ರ ಕೊಟ್ಟು ಈಗಲೇ ಸಹಿ ಹಾಕಿ ಅಂದಾಗ ಫೋನ್ ಮಾಡಿದ್ದೆ. ‘ಪತ್ರ ಸಿಕ್ಕಿದೆ, ಇದರಲ್ಲಿರುವುದನ್ನು ಒಪ್ಪಿಲ್ಲ ಅಂತ ಬರೆದು ಸಹಿ ಹಾಕಿ, ಪ್ರತಿ ಇಟ್ಟುಕೊಳ್ಳಿ’ ಅಂದರು ವಕೀಲರು. ಆಮೇಲೊಮ್ಮೆ ಬರಬೇಕಾದ ಇನ್ಸೆಂಟಿವ್ ತಡೆಹಿಡಿದಾಗ ವಕೀಲರ ನೋಟಿಸ್ ಹೋಯಿತು. ಅದುವರೆಗೆ ನನ್ನ ಮೇಲ್‌ಗಳಿಗೆ ಉತ್ತರವೇ ಕೊಡದವರು ಮಾತಿಗೆ ಕರೆದರು, ರಾಜಿಯಲ್ಲಿ ಮುಗಿಯಿತು. ನೋಟಿಸಿನ ಫೀಸು ವಿಮಾ ಕಂಪನಿಯದೇ.

ಸಿಟ್ಟು ಬಂದದ್ದು ಇನ್ನೊಂದು ಸಲ. ವಿಮಾ ಕಂಪನಿ ಬದಲಿಸಿದ್ದೆ. ಕೆಲವು ತಿಂಗಳ ನಂತರ ಹುದ್ದೆ ಬದಲಾವಣೆ ಬಗ್ಗೆ ತಕರಾರಾಗಿ ಕ್ಲೇಮ್ ಹಾಕಿದೆ. ‘ಇದರ ಬೀಜ ಪಾಲಿಸಿ ಶುರುವಾಗುವ ಮೊದಲೇ ಬಿದ್ದಿತ್ತು’ ಅಂತ ತಳ್ಳಿಹಾಕಿದರು. ಹಿಂದಿನ ಮ್ಯಾನೇಜರ್ ಬರೆದಿದ್ದ ಒಂದು ಮೇಲ್ ಅವರಿಗೆ ಸಾಕ್ಷಿಯಾಯಿತು! ಹಳೆಯ ಕಂಪನಿಯೋ, ಪಾಲಿಸಿ ಮುಗಿದಿದೆ ಅಂತ ಕೈ ತೊಳೆದುಕೊಂಡಿತು. ಇಬ್ಬರ ಜೊತೆ ಪತ್ರ ವ್ಯವಹಾರ ಮಾಡಿ ಮಾಡಿ ಸುಸ್ತಾಗಿ ಕೊನೆಗೆ ಕೈಯಿಂದಲೇ ಫೀಸು ಕೊಟ್ಟೆ.

ಹಾಗಾಗಿ ಪಾಲಿಸಿ ಆರಿಸುವಾಗ ಎಲ್ಲರೂ ನೋಡುವ ಗರಿಷ್ಠ ಮೊತ್ತವನ್ನು ನಾನು ಕೊನೆಗೆ ನೋಡುತ್ತೇನೆ. ಮೊದಲು ಹುಡುಕುವುದು ತಕರಾರು ಯಾವತ್ತು ಶುರುವಾಯಿತು ಅಂತ ಲೆಕ್ಕ ಹಿಡಿಯುವ ಷರತ್ತು. ಕೆಲಸದಿಂದ ತೆಗೆದ ದಿನವೋ, ಅದಕ್ಕೆ ದಾರಿ ಮಾಡಿದ ಮೊದಲ ಪತ್ರದ ದಿನವೋ? ಉದ್ಯೋಗದ ವಿಷಯಕ್ಕೆ ಸಾಮಾನ್ಯವಾಗಿ ಸುಮಾರು ಮೂರು ತಿಂಗಳ ಕಾಯುವ ಅವಧಿಯೂ ಇರುತ್ತದೆ, ಅಂದರೆ ಪಾಲಿಸಿ ಮಾಡಿಸಿದ ಮೇಲೆ ಅಷ್ಟು ಕಾಲದೊಳಗೆ ಶುರುವಾದ ತಕರಾರಿಗೆ ಅದು ಅನ್ವಯಿಸುವುದಿಲ್ಲ. ಆಫೀಸಿನಲ್ಲಿ ಗಾಳಿಸುದ್ದಿ ಎದ್ದ ಮೇಲೆ ಪಾಲಿಸಿ ಮಾಡಿಸಿದರೆ ಪ್ರಯೋಜನ ಕಡಿಮೆ.

ಮನೆ ವಿಮೆ ಜೊತೆಗೆ ‘ಕಾನೂನು ರಕ್ಷಣೆ’ ಅಂತ ಸೇರಿಸಿ ಮಾರುತ್ತಾರಲ್ಲ, ಅದರಲ್ಲಿ ಉದ್ಯೋಗದ ತಕರಾರು ಇದೆಯೋ ಇಲ್ಲವೋ ಅಂತ ಕೇಳಿ. ಇದ್ದರೂ ಕಂಪನಿಯೊಳಗಿನ ಶಿಸ್ತು ವಿಚಾರಣೆಯನ್ನು ಎಷ್ಟೋ ಪಾಲಿಸಿಗಳು ಹೊರಗಿಡುತ್ತವೆ. ಕೆಲಸ ಬಿಡಿಸುವ ಮುಂಚಿನ ರಾಜಿ ಮಾತುಕತೆಯನ್ನೂ ಕೆಲವು ಹೊರಗಿಡುತ್ತವೆ. ನೌಕರನಿಗೆ ವಕೀಲರು ಬೇಕಾಗುವುದೇ ಆವಾಗ, ಅಲ್ವಾ?

ವಕೀಲರನ್ನು ಆರಿಸುವವರು ಯಾರು ಅನ್ನುವುದೂ ಮುಖ್ಯ. ಯುರೋಪಿನಲ್ಲಿ ಕೋರ್ಟಿಗೆ ಹೋಗುವ ಹಂತ ಬಂದರೆ ತನ್ನ ವಕೀಲರನ್ನು ತಾನೇ ಆರಿಸಿಕೊಳ್ಳುವ ಹಕ್ಕು 1987ರ ನಿರ್ದೇಶನದಿಂದಲೇ ಇದೆ. ಆದರೂ ನೆದರ್ಲೆಂಡ್ಸ್‌ನಲ್ಲಿ ಕೆಲಸ ಕಳೆದುಕೊಂಡ ಒಬ್ಬರಿಗೆ ಅವರ ವಿಮಾ ಕಂಪನಿ, ಕೇಸನ್ನು ನಮ್ಮ ಸಿಬ್ಬಂದಿಯೇ ನೋಡಿಕೊಳ್ಳುತ್ತಾರೆ, ಹೊರಗಿನ ವಕೀಲರ ಖರ್ಚು ಕೊಡುವುದಿಲ್ಲ ಅಂದಿತ್ತು. 2013ರಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಬೇರೆ ಕಡೆ ಇಂಥ ಹಕ್ಕು ಇದೆ ಅಂತ ಸುಮ್ನೆ ಅಂದುಕೊಳ್ಳಬೇಡಿ, ಪಾಲಿಸಿಯಲ್ಲಿ ಬರೆದಿದೆಯೋ ನೋಡಿ. ಇನ್ನೊಂದು, ವಿಮಾ ಕಂಪನಿಯ ಒಪ್ಪಿಗೆ ಬರುವ ಮೊದಲು ವಕೀಲರನ್ನು ಹಿಡಿದರೆ ಆ ಖರ್ಚು ಬಹುತೇಕ ನಿಮ್ಮ ತಲೆಗೇ.

ಒಪ್ಪಿಗೆ ಬರುವುದೂ ಗೆಲ್ಲುವ ಸಾಧ್ಯತೆ ನೋಡಿಯೇ. ಬ್ರಿಟನ್ನಿನ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಶೇ. 50ಕ್ಕಿಂತ ಹೆಚ್ಚು ಸಾಧ್ಯತೆ ಇರಬೇಕು. ಆ ತೀರ್ಮಾನಕ್ಕೆ ನಾವು ತಕರಾರು ಎತ್ತಿದರೆ ಯಾರು ನೋಡುತ್ತಾರೆ ಅನ್ನುವುದು ಸಣ್ಣ ಅಕ್ಷರದಲ್ಲಿರುತ್ತದೆ. ಇತ್ತ ಗಡುವು ಓಡುತ್ತಲೇ ಇರುತ್ತದೆ. ಜರ್ಮನಿಯಲ್ಲಿ ವಜಾ ಪತ್ರ ಕೈಗೆ ಬಂದ 3 ವಾರದೊಳಗೆ ಕೇಸು ಹಾಕಬೇಕು. ಅಲ್ಲಿ ಕಾರ್ಮಿಕ ನ್ಯಾಯಾಲಯದ ಮೊದಲ ಹಂತದಲ್ಲಿ ಗೆದ್ದರೂ ನಿಮ್ಮ ವಕೀಲರ ಫೀಸು ನಿಮ್ಮದೇ. ಇಂಥ ನಿಯಮ ಇರುವ ಕಡೆ ಈ ವಿಮೆಗೆ ನಿಜವಾದ ಬೆಲೆ ಇದೆ.

ಯೂನಿಯನ್ ಸದಸ್ಯರು ಮೊದಲು ಅಲ್ಲಿ ವಿಚಾರಿಸಿ. ಎಷ್ಟೋ ಯೂನಿಯನ್‌ಗಳು ಸದಸ್ಯರ ಕೆಲಸದ ತಕರಾರಿಗೆ ವಕೀಲರನ್ನು ಕೊಡುತ್ತವೆ, ಆಮೇಲೆ ಮತ್ತೆ ವಿಮೆ ಯಾಕೆ? ನನ್ನ ಹುದ್ದೆಯವರಿಗೆ ಯೂನಿಯನ್ ಇಲ್ಲ, ಅದಕ್ಕೇ ಮುಂದುವರಿಸಿದ್ದೇನೆ.

ಐದಕ್ಕೆ ಮೂರೂವರೆ ಸ್ಟಾರ್. ಒಂದು ಸ್ಟಾರ್ ಕಡಿದದ್ದು ಆ ತಳ್ಳಿಹಾಕಿದ ಕ್ಲೇಮಿಗೆ, ಇನ್ನರ್ಧ ಸ್ಟಾರ್ ಕಡಿದದ್ದು, ಪ್ರತಿ ಕ್ಲೇಮಿನಲ್ಲೂ ಖರ್ಚಿನ ಮೊದಲ ಭಾಗವನ್ನು ನಾವೇ ಭರಿಸಬೇಕಲ್ಲ, ಅದಕ್ಕೆ. ವಿಮಾ ಕಂಪನಿ ಬದಲಿಸುವವರು ಹಳೆಯ ಪಾಲಿಸಿಯ ಅವಧಿಯಲ್ಲಿ ಶುರುವಾದ ತಕರಾರನ್ನು ಆಮೇಲೆ ಎಷ್ಟು ಕಾಲದವರೆಗೆ ತಿಳಿಸಬಹುದು ಅಂತ ಬರಹದಲ್ಲಿ ಕೇಳಿ ಪಡೆದುಕೊಳ್ಳಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ.