ಎರಡು ಕಾಫಿ ಕೊಯ್ಲು ಕಂಡ ಮೇಲೆ ಗೂಗಲ್ ಕ್ಲೌಡ್ ರನ್

ಚಿಕ್ಕಮಗಳೂರಿನ ನಮ್ಮ ಕಚೇರಿಯಲ್ಲಿ ಇರುವುದು ಮೂವರೇ. ಕಾಫಿ ಖರೀದಿಸುವ ವ್ಯಾಪಾರಿಯೊಬ್ಬರಿಗಾಗಿ ನಾವು ಒಂದು ಆ್ಯಪ್ ನಡೆಸುತ್ತೇವೆ. ಅರೇಬಿಕಾ, ರೊಬಸ್ಟಾಗಳ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಬೀಜ) ಮತ್ತು ಚೆರಿಗೆ (ಹಣ್ಣನ್ನು ಹಾಗೆಯೇ ಒಣಗಿಸಿದ್ದು) 50 ಕಿಲೋ ಮೂಟೆಯ ಅಂದಿನ ದರ ಎಷ್ಟು, ತಾವು ಹಾಕಿದ ಮಾಲಿನ ತೂಕ ಎಷ್ಟು, ಬರಬೇಕಾದ ಬಾಕಿ ಎಷ್ಟು ಎಂಬುದನ್ನು ಬೆಳೆಗಾರರು ಅದರಲ್ಲಿ ನೋಡಿಕೊಳ್ಳುತ್ತಾರೆ. ಮೊದಲು ಇದೆಲ್ಲ ಕಚೇರಿಯ ಮೂಲೆಯಲ್ಲಿದ್ದ ಒಂದು ಕಂಪ್ಯೂಟರಿನಲ್ಲಿ ಓಡುತ್ತಿತ್ತು. ಆಷಾಢದ ಗಾಳಿಗೆ ಮರ ಬಿದ್ದು ಎರಡು ದಿನ ಕರೆಂಟ್ ಹೋದರೆ ಯುಪಿಎಸ್ ಎಷ್ಟು ಹೊತ್ತು ತಾನೇ ತಡೆದೀತು? ಹಾಗಾಗಿ ಆ್ಯಪನ್ನು ಕಂಟೇನರ್ ಮಾಡಿ, ಅಂದರೆ ಅದು ಓಡಲು ಬೇಕಾದುದನ್ನೆಲ್ಲ ಒಂದೇ ಗಂಟಿನಲ್ಲಿ ಕಟ್ಟಿ, ಗೂಗಲ್‌ನ ಯಂತ್ರಗಳಲ್ಲಿ ಅದನ್ನು ಓಡಿಸುವ ಕ್ಲೌಡ್ ರನ್‌ಗೆ ಸಾಗಿಸಿದೆವು.

ಗೂಗಲ್ 2019ರಲ್ಲಿ ಹೊರತಂದ ಈ ಸೇವೆಯ ಕೆಲಸ ಹೇಳುವುದಕ್ಕೆ ಸರಳ. ಕಂಟೇನರ್ ಇಮೇಜನ್ನು, ಅಂದರೆ ಆ ಗಂಟನ್ನು, ನಾವು ಕೊಡಬೇಕು, ಯಂತ್ರಗಳ ಉಸಾಬರಿಯೆಲ್ಲ ಅವರದು. ಕೋರಿಕೆಗಳು (ಬಳಸುವವರ ಫೋನು ಆ್ಯಪಿಗೆ ಕಳಿಸುವ ಪ್ರಶ್ನೆಗಳು) ಹೆಚ್ಚಿದಂತೆ ಅದೇ ಕಂಟೇನರಿನ ಪ್ರತಿಗಳು, ಅಂದರೆ ಇನ್‌ಸ್ಟನ್ಸ್‌ಗಳು, ಹೆಚ್ಚುತ್ತವೆ. ಯಾರೂ ಬಾರದಿದ್ದರೆ ಒಂದೂ ಉಳಿಯದೆ ಸೊನ್ನೆಗೆ ಇಳಿಯುತ್ತವೆ. ನವೆಂಬರಿನಿಂದ ಮಾರ್ಚಿನವರೆಗೆ ಜಾತ್ರೆ, ಜುಲೈನಲ್ಲಿ ನೊಣ ಹೊಡೆಯುವ ವ್ಯಾಪಾರ ಎಂಬಂತಿರುವ ನಮ್ಮ ಕಸುಬಿಗೆ ಈ ಗುಣವೇ ದೊಡ್ಡ ಆಕರ್ಷಣೆ. ಕೊಯ್ಲಿಗೆ ಆಳುಗಳನ್ನು ಕರೆಸಿಕೊಂಡು, ಕೊಯ್ಲು ಮುಗಿದ ಮೇಲೆ ಲೆಕ್ಕ ಚುಕ್ತಾ ಮಾಡಿ ಕಳಿಸುವ ತೋಟದ ಪದ್ಧತಿಯೇ ಇದು.

ಮೊದಲ ದಿನವೇ ಮುಗ್ಗರಿಸಿದೆವು, ತಪ್ಪು ನಮ್ಮದೇ. ಕೋರಿಕೆಗಳನ್ನು ಯಾವ ಪೋರ್ಟ್‌ನಲ್ಲಿ, ಅಂದರೆ ಯಾವ ಸಂಖ್ಯೆಯ ಬಾಗಿಲಲ್ಲಿ, ಕೇಳಿಸಿಕೊಳ್ಳಬೇಕೆಂಬುದನ್ನು ಕ್ಲೌಡ್ ರನ್ ‘PORT’ ಎಂಬ ಪರಿಸರ ಚರದ (ಪ್ರೋಗ್ರಾಮಿಗೆ ಹೊರಗಿನಿಂದ ಕೊಡುವ ಮೌಲ್ಯದ) ಮೂಲಕ ತಿಳಿಸುತ್ತದೆ. ಬೇರೇನೂ ಹೇಳದಿದ್ದರೆ ಅದು 8080. ನಮ್ಮ ಪ್ರೋಗ್ರಾಮ್ ಸರಿಯಾದ ಪೋರ್ಟನ್ನೇ ಹಿಡಿದಿತ್ತು, ಆದರೆ ಒಳಗಿನಿಂದ ಬಂದದ್ದನ್ನಷ್ಟೇ ಕೇಳಿಸಿಕೊಳ್ಳುವ 127.0.0.1 ವಿಳಾಸಕ್ಕೆ ಅಂಟಿಕೊಂಡಿತ್ತು. ಒಳಗಿನಿಂದ ಚಿಲಕ ಹಾಕಿಕೊಂಡು ಅತಿಥಿಗಳಿಗಾಗಿ ಕಾಯುತ್ತ ಕುಳಿತಂತಾಯಿತು. ಹೊರಗಿನಿಂದ ಬಂದದ್ದನ್ನೂ ಕೇಳಿಸಿಕೊಳ್ಳುವ 0.0.0.0 ಎಂದು ಬದಲಾಯಿಸಿದ ಮೇಲೆ ಮೇಲೆದ್ದಿತು. ತೂಕದ ಚೀಟಿಯ ಫೋಟೊಗಳನ್ನು ಕಂಟೇನರಿನೊಳಗೇ ಉಳಿಸಿದ್ದು ಎರಡನೆಯ ಎಡವಟ್ಟು: ಅಲ್ಲಿ ಬರೆದ ಕಡತಗಳು ಮೆಮೊರಿಯನ್ನೇ ತಿನ್ನುತ್ತವೆ, ಇನ್‌ಸ್ಟನ್ಸ್ ಮುಚ್ಚಿದೊಡನೆ ಇಲ್ಲವಾಗುತ್ತವೆ. ಈಗ ಅವು ಪ್ರತ್ಯೇಕ ಸಂಗ್ರಹದಲ್ಲಿವೆ.

ನಿಜವಾದ ಪರೀಕ್ಷೆ ಎದುರಾದದ್ದು ಮೊದಲ ಕೊಯ್ಲಿನ ಡಿಸೆಂಬರಿನಲ್ಲಿ. ಸಂಜೆ ಐದೂವರೆಗೆ ದರದ ಎಸ್ಸೆಮ್ಮೆಸ್ ಹೋಗುತ್ತದೆ, ಹೋದ ಮರುಕ್ಷಣ ಎಲ್ಲರೂ ಒಟ್ಟಿಗೆ ಆ್ಯಪ್ ತೆರೆಯುತ್ತಾರೆ. ಅಂದು ದರ ಚೆನ್ನಾಗಿಯೇ ಏರಿತ್ತು. ಪರದೆಯ ಮೇಲೆ ಇನ್‌ಸ್ಟನ್ಸ್‌ಗಳ ಸಂಖ್ಯೆ ನಾಲ್ಕಾಯಿತು, ಒಂಬತ್ತಾಯಿತು, ಹದಿನೆಂಟಾಯಿತು. ನಾವು ಖುಷಿಯಿಂದ ನೋಡುತ್ತಿರುವಾಗಲೇ ಫೋನುಗಳು ಶುರುವಾದವು: ‘ಏನ್ ಸಾರ್, ರೇಟೇ ಕಾಣ್ತಿಲ್ವಲ್ಲ?’ ಲಾಗ್, ಅಂದರೆ ಆ್ಯಪಿನ ದಿನಚರಿ, ತೆರೆದರೆ ಸಾಲುಸಾಲಾಗಿ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಒಂದೇ ಗೋಳು, ‘ಸಾರಿ, ಟೂ ಮೆನಿ ಕ್ಲೈಂಟ್ಸ್ ಆಲ್ರೆಡಿ’ (ಕ್ಷಮಿಸಿ, ಈಗಾಗಲೇ ಬಹಳ ಮಂದಿ ಸಂಪರ್ಕದಲ್ಲಿದ್ದಾರೆ). ಪ್ರತಿ ಇನ್‌ಸ್ಟನ್ಸ್ ಡೇಟಾಬೇಸಿಗೆ ಹತ್ತು ಸಂಪರ್ಕ ತೆರೆಯುವಂತೆ ನಾವೇ ಬರೆದಿದ್ದೆವು. ಹದಿನೆಂಟಕ್ಕೆ 180 ಆಯಿತು. ಪೋಸ್ಟ್‌ಗ್ರೆಸ್ ಮೂಲತಃ ಇಟ್ಟುಕೊಂಡು ಬರುವ ಮಿತಿ 100, ಅದನ್ನು ನಾವು ಬದಲಿಸಿರಲಿಲ್ಲ.

ಹಣ್ಣು ಕೊಯ್ಯಲು ಎಷ್ಟೇ ಆಳುಗಳು ಬಂದರೂ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ, ಪಲ್ಪರ್, ಒಂದೇ ಇದ್ದರೆ ಮೂಟೆಗಳು ಅದರ ಮುಂದೆ ರಾಶಿ ಬೀಳುತ್ತವೆ. ಇಲ್ಲಿ ಅದಕ್ಕಿಂತಲೂ ಕೆಟ್ಟದ್ದು ನಡೆಯುತ್ತದೆ. ಡೇಟಾಬೇಸ್ ನಿಧಾನವಾದಂತೆ ಕೋರಿಕೆಗಳು ಮುಗಿಯದೆ ಕಾಯುತ್ತವೆ. ಒಂದು ಇನ್‌ಸ್ಟನ್ಸ್ ಏಕಕಾಲಕ್ಕೆ ಹೊರಬಹುದಾದ ಕೋರಿಕೆಗಳ ಮಿತಿ, ಅಂದರೆ ನಾವು ಬದಲಿಸದೆ ಬಿಟ್ಟಿದ್ದ 80, ಬೇಗ ತುಂಬುತ್ತದೆ. ತುಂಬಿತೆಂದು ಕ್ಲೌಡ್ ರನ್ ಇನ್ನೊಂದು ಇನ್‌ಸ್ಟನ್ಸ್ ಎಬ್ಬಿಸುತ್ತದೆ. ಅದು ಬಂದು ಮತ್ತೆ ಹತ್ತು ಸಂಪರ್ಕ ಕೇಳುತ್ತದೆ. ಸೇವೆ ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡುತ್ತಿತ್ತು, ಹಿಂದಿರುವ ಡೇಟಾಬೇಸಿನ ತ್ರಾಣ ಎಷ್ಟೆಂದು ತಿಳಿಸುವ ಹೊಣೆ ನಮ್ಮದಾಗಿತ್ತು.

ಈಗ ಇನ್‌ಸ್ಟನ್ಸ್‌ಗಳ ಗರಿಷ್ಠ ಸಂಖ್ಯೆ ಆರು, ಒಂದಕ್ಕೆ ಐದೇ ಸಂಪರ್ಕ. ಹಠಾತ್ತನೆ ಒತ್ತಡ ಏರಿದಾಗ ಗರಿಷ್ಠ ಮಿತಿಯನ್ನೂ ಅಲ್ಪಕಾಲ ಮೀರಬಹುದೆಂದು ಗೂಗಲ್‌ನ ಕೈಪಿಡಿಯೇ ಎಚ್ಚರಿಸುವುದರಿಂದ ಸಾಕಷ್ಟು ಅಂತರ ಬಿಟ್ಟಿದ್ದೇವೆ. ಇದಕ್ಕಿಂತ ಹೆಚ್ಚು ಪರಿಣಾಮ ಬೀರಿದ್ದು, ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಸಣ್ಣ ತಿದ್ದುಪಡಿ: ದಿನಕ್ಕೊಮ್ಮೆ ಮಾತ್ರ ಬದಲಾಗುವ ದರವನ್ನು ಪ್ರತಿ ಕೋರಿಕೆಗೂ ಡೇಟಾಬೇಸಿನಿಂದ ತರುತ್ತಿದ್ದೆವು, ಈಗ ಐದು ನಿಮಿಷ ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತೇವೆ. ಎರಡನೆಯ ಕೊಯ್ಲಿನ ಸಂಜೆಗಳಲ್ಲಿ ಮೂರು ಇನ್‌ಸ್ಟನ್ಸ್ ದಾಟಿದ್ದೇ ಅಪರೂಪ.

ಸೊನ್ನೆಗೆ ಇಳಿಯುವುದಕ್ಕೂ ಬೆಲೆಯಿದೆ. ಮಲಗಿದ್ದ ಆ್ಯಪನ್ನು ಮೊದಲು ಎಬ್ಬಿಸಿದವರು ಕಾಯಬೇಕು. ಆರಂಭದಲ್ಲೇ ಎಲ್ಲ ಬೆಳೆಗಾರರ ಪಟ್ಟಿಯನ್ನು ಓದಿಕೊಳ್ಳುತ್ತಿದ್ದ ನಮ್ಮ ಪ್ರೋಗ್ರಾಮ್ ಅದಕ್ಕೆ ಆರೇಳು ಸೆಕೆಂಡು ತೆಗೆದುಕೊಳ್ಳುತ್ತಿತ್ತು, ಆ ಓದನ್ನು ಕೈಬಿಟ್ಟ ಮೇಲೆ ಎರಡಕ್ಕೆ ಬಂತು. ಕನಿಷ್ಠ ಒಂದು ಇನ್‌ಸ್ಟನ್ಸ್ ಸದಾ ಎಚ್ಚರವಿರುವಂತೆ ಇಡಲೂಬಹುದು, ಆದರೆ ಸುಮ್ಮನೆ ಕುಳಿತದ್ದಕ್ಕೂ ಕೂಲಿ ಕೊಡಬೇಕು.

ಬಿಲ್ಲಿನ ವಿಷಯದಲ್ಲಿ ತಕರಾರಿಲ್ಲ. ತಿಂಗಳಿಗೆ 20 ಲಕ್ಷ ಕೋರಿಕೆಗಳವರೆಗೆ ಉಚಿತ ಪಾಲಿದೆ, ಸಿಪಿಯು ಮತ್ತು ಮೆಮೊರಿಗೂ ಬೇರೆ ಬೇರೆ ಉಚಿತ ಪಾಲುಗಳಿವೆ. ನಮ್ಮ ಮಳೆಗಾಲದ ಬಿಲ್ಲಿನಲ್ಲಿ ಕ್ಲೌಡ್ ರನ್‌ನ ಭಾಗ ಇಲ್ಲವೆನ್ನುವಷ್ಟು ಕಡಿಮೆ. ದುಡ್ಡು ಹೋಗುವುದು ಹಗಲುರಾತ್ರಿ ಎಚ್ಚರವಿರುವ ಡೇಟಾಬೇಸಿಗೆ. ಬಜೆಟ್ ಎಚ್ಚರಿಕೆಯನ್ನು ನಂಬಿ ಕೂರುವವರಿಗೆ ಒಂದು ಮಾತು: ಅದು ಇಮೇಲ್ ಕಳಿಸುತ್ತದೆಯೇ ಹೊರತು ತಾನಾಗಿ ಖರ್ಚನ್ನು ನಿಲ್ಲಿಸುವುದಿಲ್ಲ.

ಹೊಸ ಆವೃತ್ತಿಯನ್ನು ಬಿಡುವ ಕ್ರಮ ನನಗೆ ಬಹಳ ಹಿಡಿಸಿತು. ಹೊಸದಕ್ಕೆ ನೂರಕ್ಕೆ ಹತ್ತು ಪಾಲು ಕೋರಿಕೆಗಳನ್ನಷ್ಟೇ ಕೊಟ್ಟು, ಲಾಗ್ ನೋಡಿ, ಆಮೇಲೆ ಪೂರ್ತಿ ತಿರುಗಿಸಬಹುದು. ಕೆಟ್ಟರೆ ಹಳೆಯದು ಅಲ್ಲೇ ಸಿದ್ಧವಿರುತ್ತದೆ. ಕಂಟೇನರುಗಳನ್ನು ನಾವೇ ನಿಭಾಯಿಸುವ ಕುಬರ್ನೆಟಿಸ್ ಎಂಬ ವ್ಯವಸ್ಥೆಯಲ್ಲೂ ಇದನ್ನು ಮಾಡಬಹುದು, ಆದರೆ ಮೂವರ ಕಚೇರಿ ಅದನ್ನು ಸಾಕಲು ಹೊರಟರೆ ಒಬ್ಬರ ದಿನವೆಲ್ಲ ಅದಕ್ಕೇ ಮೀಸಲಾದೀತು.

ಒಂದು ಕೋರಿಕೆ 60 ನಿಮಿಷಕ್ಕಿಂತ ಹೆಚ್ಚು ನಡೆಯಬೇಕಾದವರಿಗೆ ಈ ಸೇವೆ ಒಗ್ಗದು. ನಮಗೆ ಆ ಅಗತ್ಯ ಬಂದಿಲ್ಲ. ಈ ಸಲ ಮಳೆ ಹಿಡಿದ ವಾರವೇ ಕನಿಷ್ಠ ಇನ್‌ಸ್ಟನ್ಸ್ ಸಂಖ್ಯೆಯನ್ನು 0ಗೆ ಇಳಿಸಿದ್ದೇವೆ. ಅರೇಬಿಕಾ ಹಣ್ಣಾಗುವ ಹೊತ್ತಿಗೆ ಮತ್ತೆ 1 ಮಾಡಬೇಕೆಂದು ಗೋಡೆಯ ಕ್ಯಾಲೆಂಡರಿನ ನವೆಂಬರ್ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೇವೆ.